ಮೇಜಿಲ್ಲದವರ ಮೇಜು

ದೊರ್ದೋಯ್ ಸಂತೆಯಲ್ಲಿ ಅಂಗಡಿಯೆಂದರೆ ಕಬ್ಬಿಣದ ಪೆಟ್ಟಿಗೆ,
ಒಂದರ ಮೇಲೊಂದು. ಕೆಳಗೆ ವ್ಯಾಪಾರ, ಮೇಲೆ ದಾಸ್ತಾನು.
ಒಂದು ಕಾಲಕ್ಕೆ ಹಡಗು ಹತ್ತಿದ್ದ ಪೆಟ್ಟಿಗೆಗಳು
ಕಡಲೇ ಇಲ್ಲದ ಕಿರ್ಗಿಜ್ ನಾಡಿಗೆ ಬಂದು ಕೂತಿವೆ.
ಏಳನೇ ಸಾಲಿನ ಕೊನೆಯದು ಜಿಪಾರಳದು.
ಒಡೆದ ಗಾಜು, ಉಬ್ಬಿದ ಬ್ಯಾಟರಿ, ಕಿವುಡು ಫೋನು
ಎಲ್ಲಕ್ಕೂ ಮದ್ದುಂಟು ಅಲ್ಲಿ, ಚೌಕಾಶಿಗಿಲ್ಲ.

ಕಲಿಪಾ ಎಜೆ ಬಂದದ್ದು ಜನವರಿಯಲ್ಲಿ,
ಸೊನ್ನೆಗಿಂತ ಹದಿನೆಂಟು ಕೆಳಗೆ.
ಕೋಟಿನ ಗುಂಡಿ ಬಿಚ್ಚಿ, ಎದೆಯ ಬಿಸಿಯಿಂದ
ಆಗಷ್ಟೇ ಹುಟ್ಟಿದ ಕುರಿಮರಿಯನ್ನು ತೆಗೆವಂತೆ
ತೆಗೆದಿಟ್ಟಳು ಹತ್ತಿಂಚಿನ ಟ್ಯಾಬ್ಲೆಟ್ಟು.

"ಇದಕ್ಕೆ ಒಂದೇ ಕಣ್ಣು ಕಣೇ.
ಅಲ್ಮಾಟಿಯವನ ಆರ್ಡರು ತೆರೆದರೆ ನನ್ನ ಲೆಕ್ಕ ಮಾಯ,
ಲೆಕ್ಕ ತೆರೆದರೆ ಆರ್ಡರು ಮಾಯ.
ಎಷ್ಟು ಜೊತೆ ಕೇಳಿದ್ದ, ಯಾವ ಬಣ್ಣ,
ಬಾಯಲ್ಲಿ ಜಪಿಸುತ್ತಾ ಈ ಕಡೆಯಿಂದ ಆ ಕಡೆಗೆ ಓಡುವಷ್ಟರಲ್ಲಿ
ಬೂದು ಉಣ್ಣೆಚಪ್ಪಲಿ ಕೆಂಪಾಗಿರುತ್ತದೆ.
ಬ್ಯಾಂಕಿನ ಹುಡುಗಿ ಎರಡನ್ನೂ ಪಕ್ಕಪಕ್ಕ ಕೂರಿಸಿಕೊಳ್ಳುತ್ತಾಳಲ್ಲ,
ಅದು ಬೇಕು."

"ಅದಕ್ಕೆ ಕಂಪ್ಯೂಟರು ಬೇಕು, ಎಜೆ."
"ಕಂಪ್ಯೂಟರಿಗೆ ಮೇಜು ಬೇಕು. ನನ್ನಲ್ಲಿ ಮೇಜಿಲ್ಲ."

ಜಿಪಾರಳಲ್ಲೂ ಇರಲಿಲ್ಲ; ಬೋರಲು ಹಾಕಿದ ಚಹಾ ಪೆಟ್ಟಿಗೆಯೇ ಆಸ್ಪತ್ರೆ.
ಆದರೆ ಒಂದು ಪೆನ್‌ಡ್ರೈವಿತ್ತು. ಅದರೊಳಗೆ
ಬಾಗಿಲು ಹಾಕಿದ ಕಂಪನಿಯೊಂದು ಬಿಟ್ಟುಹೋದ ವ್ಯವಸ್ಥೆ.
ಬೇರು ಆಂಡ್ರಾಯ್ಡಿನದೇ, ನಡೆ ಮಾತ್ರ ಮೇಜಿನದು:
ಕಿಟಕಿಗಳು, ತಳದಲ್ಲೊಂದು ಪಟ್ಟಿ, ಮೂಲೆಗೆ ಗಡಿಯಾರ, ಕಸದ ಬುಟ್ಟಿ.
ತಪ್ಪಿದರೆ ತಿದ್ದುವವರಿಲ್ಲ. ಉಳಿದಂತೆ ಚೆನ್ನ.

"ಒಳಗಿರುವುದೆಲ್ಲ ಅಳಿಸಿಹೋಗುತ್ತೆ. ಬೇಕಾದ್ದು ಬರೆದುಕೊ."

ರಟ್ಟು ಹರಿದು, ಪೆನ್ಸಿಲು ನೆಕ್ಕಿ, ಸಾಲಗಾರರನ್ನು
ಒಬ್ಬೊಬ್ಬರಾಗಿ ಇಳಿಸಿಕೊಂಡಳು ಕಲಿಪಾ.
ಅನಾರ್‌ಕುಲ್, ಸಾವಿರದಿನ್ನೂರು ಸೋಮ್.
ಚೋಲ್ಪೊನ್, ನಾನೂರು.
ಮೆದೆರ್‌ಬೆಕ್, ಒಂಬತ್ತು ಸಾವಿರ.
ಪೆನ್ಸಿಲು ನಿಂತಿತು.
ಬೆರಳು ಆ ಹೆಸರನ್ನು ಒಂದು ಸಲ ಸವರಿ
ಮುಂದಿನವನಿಗೆ ಹೋಯಿತು.
ಮೂರನೇ ಸಾಲಿನಲ್ಲೊಂದು ಪೆಟ್ಟಿಗೆ ನವೆಂಬರಿನಿಂದ ಮಸಿಗಪ್ಪು.
ಜಿಪಾರ್ ಸ್ಕ್ರೂ ಬಿದ್ದವಳಂತೆ ಬಗ್ಗಿ ನೆಲ ತಡಕಿದಳು.

ಆಮೇಲೆ ಎರಡು ಗುಂಡಿ ಒಟ್ಟಿಗೆ ಅದುಮಿ ಹತ್ತೆಣಿಸಿದಳು.
ಚೀನೀ ಅಕ್ಷರ. ಓದು ಬಾರದು,
ಯಾವ ಸಾಲಿನಲ್ಲಿ ಸಾವು, ಯಾವುದರಲ್ಲಿ ಹುಟ್ಟು,
ಕೈಗೆ ಗೊತ್ತು.
ಶೇಕಡಾ ಅರವತ್ತೊಂದಕ್ಕೆ ನಿಂತಿತು.
ಚಹಾ ಆರಿತು.
ಅರವತ್ತೆರಡು.

ತೆರೆದಾಗ ಹಸಿರು ಗುಡ್ಡ, ತೊಳೆದಿಟ್ಟ ಬಾನು.
"ಇಷ್ಟು ಹುಲ್ಲಿದೆ, ಒಂದು ಕುರಿಯಿಲ್ಲ. ಯಾರ ಗುಡ್ಡವೇ ಇದು?"
ಮೌಸು ಸಿಕ್ಕಿಸಿದರೆ ಬಾಣ ಓಡಾಡಿತು,
ಕಲಿಪಾ ಅದನ್ನು ಬೆರಳಿಂದಲೇ ಅಟ್ಟಿದಳು.
ಹೊಲಿಗೆಯ ಲೋಹದ ಟೋಪಿ ಹಾಕಿದ ಬೆರಳು;
ಗಾಜು ಅದನ್ನು ಗುರುತಿಸಲಿಲ್ಲ.
ಟೋಪಿ ಕಳಚಿ ಕಿಸೆಗಿಟ್ಟಳು, ಮಸೀದಿಯ ಮುಂದೆ ಚಪ್ಪಲಿ ಬಿಟ್ಟಂತೆ.

ಎಡಕ್ಕೆ ಆರ್ಡರು. ಬಲಕ್ಕೆ ಲೆಕ್ಕ. ನಡುವೆ ಕೂದಲೆಳೆ ಗೆರೆ.
ಗೆರೆ ಹಿಡಿದು ಜಗ್ಗಿದಳು: ಲೆಕ್ಕ ಹಿಗ್ಗಿ ಆರ್ಡರು ಕುಗ್ಗಿತು.
ಮತ್ತೆ ಜಗ್ಗಿದಳು. ಸುಮ್ಮನೆ ಮತ್ತೊಮ್ಮೆ,
ಎರಡೂ ಇವೆಯಾ ಎಂದು ನೋಡಲಿಕ್ಕೆ.

ಗಡಿಯಾರ ಎರಡು ಗಂಟೆ ಮುಂದಿತ್ತು, ಬೀಜಿಂಗಿನದು.
"ತಿದ್ದಲಾ?"
"ಬಿಡು. ಉರುಮ್ಚಿಯ ಬಣ್ಣದವನು ಅಂಗಡಿ ತೆರೆದದ್ದು ತಿಳಿಯುತ್ತೆ.
ನಮ್ಮ ಹೊತ್ತು ಹೊಟ್ಟೆಯೇ ಹೇಳುತ್ತೆ."

ಹೊರಡುವ ಮುನ್ನ ಕಸದ ಬುಟ್ಟಿ ಒತ್ತಿ ಇಣುಕಿದಳು.
ಖಾಲಿ.
"ಸರಿ," ಎಂದು ಕುರಿಮರಿಯನ್ನು ಎದೆಗಿಟ್ಟು ಗುಂಡಿ ಹಾಕಿಕೊಂಡಳು.

ಕೊಟ್ಟ ದುಡ್ಡಿನಲ್ಲಿ ಇನ್ನೂರು ಸೋಮ್ ಕಡಿಮೆ.
"ನನ್ನ ಹೆಸರಲ್ಲಿ ಬರೆದುಕೊ," ಎಂಬ ಮಾತು ಹಿಮದಿಂದ ಬಂತು.
ಜಿಪಾರ್ ರಟ್ಟಿನ ಚೂರು ಎತ್ತಿಕೊಂಡು ಪೆನ್ಸಿಲು ಹುಡುಕಿದಳು.
ಅದನ್ನು ಎಜೆ ಒಯ್ದಿದ್ದಳು.